ಮೀನು ಸಪ್ಪಗಾದಾಗ ಔಷಧಕ್ಕೂ ಮೊದಲು

ಟ್ಯಾಂಕಿನಲ್ಲಿ ಸಾಕಿದ ಮೀನು ಮೇವು ಮುಟ್ಟುತ್ತಿಲ್ಲ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಹಿಡಿದಿದೆ, ಇಲ್ಲವೇ ಮೇಲಕ್ಕೆ ಬಂದು ಗಾಳಿಗಾಗಿ ಬಾಯಿ ತೆರೆಯುತ್ತಿದೆ. ಇದನ್ನು ಕಂಡೊಡನೆ ಹೆಚ್ಚಿನವರು ಔಷಧದ ಬಾಟಲಿಗೆ ಕೈಹಾಕುತ್ತಾರೆ. ಮೊದಲು ಆಗಬೇಕಾದ್ದು ನೀರಿನ ಪರೀಕ್ಷೆ. ಮೀನಿನ ಹಿಕ್ಕೆ, ಕೊಳೆತ ಮೇವಿನಿಂದ ಹುಟ್ಟುವ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ಕೊನೆಗೆ ಉಳಿಯುವ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟಬಾರದು. ಟ್ಯಾಂಕಿನಲ್ಲಿರುವ ಮೀನುಗಳೆಲ್ಲ ಒಂದೇ ದಿನ ಸಪ್ಪಗಾದರೆ ರೋಗಕ್ಕಿಂತ ನೀರಿನ ಮೇಲೆಯೇ ಹೆಚ್ಚು ಅನುಮಾನಪಡಿ.

ಅಮೋನಿಯಾದ ಅಂಕಿಯನ್ನು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಜೊತೆಗೇ ಓದಬೇಕು. ಪಿಎಚ್ 7ರಲ್ಲಿ ಅದರ ಬಹುಪಾಲು ಅಷ್ಟೇನೂ ಕೆಡುಕು ಮಾಡದ ಅಮೋನಿಯಂ ಆಗಿರುತ್ತದೆ. ಪಿಎಚ್ 8ಕ್ಕೆ ಏರಿದರೆ ವಿಷದ ಪಾಲು ಹತ್ತಿರಹತ್ತಿರ ಹತ್ತು ಪಟ್ಟಾಗುತ್ತದೆ. ಈ ತೊಂದರೆ ಬಹಳ ಸಲ ಶುರುವಾಗುವುದು ಫಿಲ್ಟರಿನ ಸ್ಪಾಂಜನ್ನು ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದ ಮೇಲೆ. ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ವಾಸ ಮಾಡುವುದೇ ಆ ಸ್ಪಾಂಜಿನಲ್ಲಿ. ಕ್ಲೋರಿನ್ ಅವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯಬೇಕು. ಅಮೋನಿಯಾ ಕಂಡುಬಂದರೆ ಕಾಲು ಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ, ಮರುದಿನ ಅಳೆದು ನೋಡಿ ಮತ್ತೆ ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ನಿವಾರಕ ಬಿದ್ದಿರಬೇಕು, ತಾಪಮಾನದ ವ್ಯತ್ಯಾಸ 2 ಡಿಗ್ರಿಯೊಳಗೆ ಇರಬೇಕು. ಒಂದೇ ಸಲಕ್ಕೆ ಪೂರ್ತಿ ನೀರು ಚೆಲ್ಲಿ ತುಂಬಿಸಿದರೆ, ಮೊದಲೇ ಸೋತ ಮೀನು ಪಿಎಚ್‌ನ ಏರುಪೇರು ತಾಳಲಾರದು.

ನೀರು ಸರಿಯಿದ್ದೂ ಒಂದೇ ಮೀನು ಬಳಲುತ್ತಿದ್ದರೆ ಅದನ್ನು ಬೇರೆ ಮಾಡಿ. 20 ಲೀಟರ್ ಹಿಡಿಯುವ ಬರಿಯ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಥರ್ಮಾಮೀಟರ್, ಬೇಕಿದ್ದರೆ ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಇಷ್ಟಿದ್ದರೆ ಸಾಕು. ಜಲ್ಲಿ ಬೇಡ, ಅದರಡಿ ಕೊಳಕು ಸೇರುತ್ತದೆ, ಹಿಕ್ಕೆಯೂ ಕಣ್ಣಿಗೆ ಬೀಳುವುದಿಲ್ಲ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಇಲ್ಲವಾದರೆ ಹಾಕಿದ ಔಷಧವನ್ನೆಲ್ಲ ಅದೇ ಹೀರುತ್ತದೆ.

ಈ ತೊಟ್ಟಿಯಲ್ಲಿ ರೋಗಕ್ಕಿಂತ ಬೇಗ ಮೀನನ್ನು ಕೊಲ್ಲಬಲ್ಲದ್ದು ಮತ್ತದೇ ಅಮೋನಿಯಾ. ಹೊಸ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಮಿಥಿಲೀನ್ ಬ್ಲೂ ತರಹದ ಔಷಧ ಬಿದ್ದರೆ ಬೆಳೆಯುವುದೂ ಇಲ್ಲ. ಆದ್ದರಿಂದ ದಿನವೂ ಅಳೆಯಬೇಕು, ದಿನವೂ ಮೂರನೇ ಒಂದು ಭಾಗದಿಂದ ಅರ್ಧದಷ್ಟು ನೀರು ಬದಲಿಸಬೇಕು. 20 ಲೀಟರಿನಲ್ಲಿ 8 ಲೀಟರ್ ತೆಗೆದರೆ ಆ 8 ಲೀಟರಿಗೆ ಆಗುವಷ್ಟೇ ಔಷಧ ಮತ್ತೆ ಹಾಕಿ. ಮೊದಲ ಒಂದೆರಡು ದಿನ ಮೇವು ಕೊಡದಿದ್ದರೂ ದೊಡ್ಡ ಮೀನು ಸೊರಗುವುದಿಲ್ಲ. ತಿನ್ನದೆ ಬಿಟ್ಟ ಮೇವು ಕೊಳೆತರೆ ಮಾತ್ರ ಖಂಡಿತ ತೊಂದರೆ.

ಔಷಧದ ಪ್ರಮಾಣಕ್ಕೆ ಟ್ಯಾಂಕಿನ ಮೇಲೆ ಬರೆದ ಲೀಟರ್ ನಂಬಬೇಡಿ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಟ್ಯಾಂಕಿಗೆ ಲೆಕ್ಕದಲ್ಲಿ 54 ಲೀಟರ್. ನೀರು ನಿಂತಿರುವುದು 25 ಸೆಂ.ಮೀ.ವರೆಗೆ ಮಾತ್ರವಾದರೆ 45. ಜಲ್ಲಿ, ಕಲ್ಲು 5 ಲೀಟರ್ ಜಾಗ ತಿಂದಿದ್ದರೆ ಉಳಿಯುವುದು 40. 54ರ ಲೆಕ್ಕದಲ್ಲಿ ಹಾಕಿದರೆ ಬೇಕಾದ್ದರ ಮೇಲೆ ಇನ್ನೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಔಷಧ ಬಿದ್ದಂತಾಯಿತು. ಪ್ರಮಾಣ ಮೀರಿದರೆ ಮೀನಿಗೇ ವಿಷವಾಗುವ ಮ್ಯಾಲಕೈಟ್ ಗ್ರೀನ್‌ನಂತಹ ಔಷಧದ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಬಿಳಿ ಚುಕ್ಕೆ ರೋಗದಲ್ಲಿ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಡಿಬಿಡಿಯಾಗಿ ಚುಕ್ಕೆಗಳು ಕಾಣುತ್ತವೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಪರಾವಲಂಬಿ ಚರ್ಮದೊಳಗೆ ಇರುವಷ್ಟು ಕಾಲ ಔಷಧ ಅದಕ್ಕೆ ತಾಕದು. ಅದು ಕಳಚಿ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊಸ ಮೀನನ್ನು ಹುಡುಕಿ ಈಜುವಾಗ ಮಾತ್ರ ಸಾಯುತ್ತವೆ. ಚುಕ್ಕೆ ಮಾಯವಾಯಿತೆಂದು ಔಷಧ ನಿಲ್ಲಿಸಿದವರ ಟ್ಯಾಂಕಿನಲ್ಲಿ ರೋಗ ಮರುಕಳಿಸುವುದು ಇದರಿಂದಲೇ. ಕೊನೆಯ ಚುಕ್ಕೆ ಹೋದ ಮೇಲೂ ಕೆಲವು ದಿನ ಮುಂದುವರಿಸಿ, ತಣ್ಣನೆಯ ನೀರಾದರೆ ಇನ್ನೂ ಹೆಚ್ಚು ದಿನ. ಕೋಶಗಳು ಜಲ್ಲಿಯಲ್ಲಿ ಉಳಿದಿರುವುದರಿಂದ ಈ ರೋಗಕ್ಕೆ ಇಡೀ ಟ್ಯಾಂಕಿಗೇ ಚಿಕಿತ್ಸೆ ಆಗಬೇಕು. ಶಾಖ ತಾಳುವ ಉಷ್ಣವಲಯದ ಮೀನುಗಳಿಗೆ ನೀರನ್ನು ನಿಧಾನವಾಗಿ 28–30 ಡಿಗ್ರಿಗೆ ಏರಿಸಿದರೆ ಈ ಚಕ್ರ ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪ್ ಜೋರಾಗಿ ಓಡಲಿ. ಗೋಲ್ಡ್ ಫಿಶ್‌ಗೆ ಅಷ್ಟು ಶಾಖ ಒಗ್ಗದು.

ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಬೂದುಬಿಳಿ ಪೊರೆ ಹರಡಿದ್ದರೆ ಹೀಟರ್ ಮುಟ್ಟಬೇಡಿ. ನೋಡಲು ಶಿಲೀಂಧ್ರದಂತಿದ್ದರೂ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇರಬಹುದು. ಅದು ಶಾಖದಲ್ಲಿ ಉಲ್ಬಣಿಸುತ್ತದೆ, ಒಂದೆರಡು ದಿನದಲ್ಲೇ ಜೀವ ತೆಗೆಯಬಲ್ಲದು. ಪ್ರತಿಜೀವಕ ಬೇಕೇ, ಯಾವುದು ಎಂಬುದನ್ನು ಪಶುವೈದ್ಯರು ಹೇಳಲಿ. ಅಂದಾಜಿನ ಮೇಲೆ ಹಾಕುವುದನ್ನು ನಾವು ಒಪ್ಪುವುದಿಲ್ಲ.

ಉಪ್ಪು ಒಳ್ಳೆಯದೇ, ಆದರೆ ಚಮಚದ ಅಳತೆ ಬಿಟ್ಟು ತೂಗಿ ಹಾಕಿ. ಲೀಟರಿಗೆ 1ರಿಂದ 2 ಗ್ರಾಂ ಬೇರೇನೂ ಬೆರೆಸದ ಉಪ್ಪನ್ನು ಮೊದಲೇ ಕರಗಿಸಿ, ಎರಡು ಕಂತಿನಲ್ಲಿ ಒಂದು ದಿನದೊಳಗೆ ಸೇರಿಸಿ. ಮೀನಿಗೆ ದೇಹದ ಲವಣ ಉಳಿಸಿಕೊಳ್ಳುವ ಶ್ರಮ ತಗ್ಗುತ್ತದೆ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರುವುದನ್ನೂ ಉಪ್ಪಿನಲ್ಲಿರುವ ಕ್ಲೋರೈಡ್ ತಡೆಯುತ್ತದೆ. ಆವಿಯಾದ ನೀರಿನ ಬದಲಿಗೆ ಸಪ್ಪೆ ನೀರೇ ಹಾಕಿ, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಕೋರಿಡೋರಸ್, ಲೋಚ್ ಎಂಬ ತಳದಲ್ಲಿ ಓಡಾಡುವ ಮೀನುಗಳ ವಿಷಯದಲ್ಲಿ ಕಡಿಮೆ ಪ್ರಮಾಣದಿಂದ ಶುರುಮಾಡಿ.

ಹೊಟ್ಟೆ ಊದಿ, ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ ಮೂತ್ರಪಿಂಡ ಕೆಟ್ಟಿರುವ ಸಂಭವ ಹೆಚ್ಚು, ಬದುಕುವ ಆಸೆ ಕಡಿಮೆ. ಇದನ್ನು ಮುಚ್ಚಿಡದೆ ಹೇಳುವುದೇ ಸರಿ.

ಕೈಯಲ್ಲಿ ಗಾಯವಿದ್ದರೆ ಕೈಗವಸಿಲ್ಲದೆ ನೀರಿಗೆ ಇಳಿಸಬೇಡಿ. ಮೀನಿನ ಮೈಕೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ. ಚಿಕಿತ್ಸೆಯ ತೊಟ್ಟಿಗೆ ಬಲೆ, ಬಕೆಟ್ ಬೇರೆಯಾಗಿಯೇ ಇರಲಿ. ಚಿಕಿತ್ಸೆ ಮುಗಿದ ಮೇಲೆ ಎರಡು ಮೂರು ದಿನಗಳಲ್ಲಿ ಉಪ್ಪನ್ನು ಹಂತಹಂತವಾಗಿ ಇಳಿಸಿ. ಔಷಧವಿಲ್ಲದ ನೀರಿನಲ್ಲಿ ಮೀನು ಒಂದು ವಾರ ಚೆನ್ನಾಗಿ ತಿಂದು ಓಡಾಡಿದರೆ, ದೊಡ್ಡ ಟ್ಯಾಂಕಿನ ಅಮೋನಿಯಾವನ್ನು ಇನ್ನೊಮ್ಮೆ ಅಳೆದು ಮೀನನ್ನು ಅಲ್ಲಿಗೆ ಬಿಡಿ.