ರೇಷ್ಮೆ ಎಳೆ ತೋರಿಸಿದ ದಾರಿ

‘ಅಮೆರಿಕ ನಮಗೆ ಪೂರ್ವಕ್ಕೋ ಪಶ್ಚಿಮಕ್ಕೋ, ಮೇಷ್ಟ್ರೇ?’ ಎಂದು ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು, ಕೇಳಿದರು. ಮಗಳು ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದಳು. ದೇವನಹಳ್ಳಿಯಿಂದ ಏರುವ ವಿಮಾನ ಯಾವ ಕಡೆ ಹೋಗುತ್ತದೆಂದು ತಾರಸಿಯಿಂದ ನೋಡುವ ಆಸೆ ಅವರದು.

‘ಉತ್ತರಕ್ಕೆ’ ಎಂದೆ. ಅವರು ನಕ್ಕರು.

ತಪ್ಪು ಅವರದಲ್ಲ, ಗೋಡೆಯ ಭೂಪಟದ್ದು. ಶಾಲೆಗಳಲ್ಲಿ ತೂಗುವ ಅನೇಕ ಪಟಗಳ ಮೂಲ 1569ರಲ್ಲಿ ಭೂಪಟಕಾರ ಮರ್ಕೇಟರ್ ರೂಪಿಸಿದ ಪಟ. ನಾವಿಕರು ದಿಕ್ಸೂಚಿ ಹಿಡಿದು ಸಾಗಲೆಂದು ಮಾಡಿದ್ದು. ಧ್ರುವಗಳ ಕಡೆ ಹೋದಂತೆ ನೆಲವನ್ನು ಹಿಗ್ಗಿಸುತ್ತದೆ. ಅದರ ಮೇಲೆ ಸ್ಕೇಲಿಟ್ಟು ಪೂರ್ವಕ್ಕೆ ಗೆರೆ ಎಳೆದರೆ ಪೆಸಿಫಿಕ್ ದಾಟಿ ಸುಮಾರು 16,000 ಕಿಲೋಮೀಟರ್ ಆಗುತ್ತದೆ.

ಶಾಲೆಯ ಗ್ಲೋಬ್ ತಂದೆ. ಅವರು ಒಂದು ಮೊಳ ರೇಷ್ಮೆ ನೂಲು ಕೊಟ್ಟರು. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವರು ಹೆಬ್ಬೆರಳಿನಿಂದ ಒತ್ತಿ ಹಿಡಿದರು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲೆ ನಾನು. ಮೊದಲು ಎಳೆ ಸಮುದ್ರದ ಮೇಲೆ ಸಡಿಲವಾಗಿ ಬಿದ್ದಿತ್ತು. ಬಿಗಿ ಮಾಡಿದಂತೆಲ್ಲ ನುಣ್ಣಗೆ ಜಾರಿ ಮೇಲೇರಿ, ಚೀನಾ ಹಾದು, ಸೈಬೀರಿಯಾದ ಈಶಾನ್ಯ ಕರಾವಳಿಯ ಬಳಿ, 71 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ನಿಂತಿತು. ಇದೇ ಮಹಾವೃತ್ತದ ದಾರಿ, ಅಂದರೆ ದುಂಡು ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಕಿರಿದಾದ ದಾರಿ: ಸುಮಾರು 14,000 ಕಿಲೋಮೀಟರ್. ಹೊರಡುವಾಗ ವಿಮಾನದ ಮೂತಿ ಉತ್ತರಕ್ಕೆ, ಪೂರ್ವದ ಕಡೆ ಇಪ್ಪತ್ತೇ ಡಿಗ್ರಿ ವಾಲಿರುತ್ತದೆ.

ಒಳ್ಳೆಯ ದ್ವಿತಳಿ ಜಾತಿಯ ರೇಷ್ಮೆಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ಹಾಗಾದರೆ ಹದಿನಾಲ್ಕು ಸಾವಿರ ಗೂಡು ಬಿಚ್ಚಿದರೆ ದೇವನಹಳ್ಳಿಯಿಂದ ಅಮೆರಿಕಕ್ಕೆ ಎಳೆ ಮುಟ್ಟುತ್ತದೆ. ‘ಮೂವತ್ತು ಕೆಜಿಯೂ ಆಗುವುದಿಲ್ಲವಲ್ಲ!’ ಎಂದರು, ಮನಸ್ಸಿನಲ್ಲೇ ಮಾರುಕಟ್ಟೆಯ ದರ ಕಟ್ಟುತ್ತಿದ್ದರೇನೋ.

ದೂರದ ಲೆಕ್ಕ ನೂಲಿನಿಂದ ಮುಗಿಯಿತು. ಸಮಯದ್ದು ಅಷ್ಟು ಸಲೀಸಲ್ಲ. ದೊಡ್ಡ ವಿಮಾನ ಗಾಳಿಯಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ಹೋಗುತ್ತದೆ, ಆದರೆ ಆ ಗಾಳಿಯೇ ಹರಿಯುತ್ತಿರುತ್ತದೆ. ಹತ್ತು ಕಿಲೋಮೀಟರ್ ಎತ್ತರದ ಸುಮಾರಿಗೆ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಸ್ಟ್ರೀಮ್ ಗಂಟೆಗೆ 150 ಕಿಲೋಮೀಟರ್ ಮೀರುವುದುಂಟು. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದುರಿಗೆ. ಬರುವ ದಾರಿಯುದ್ದಕ್ಕೂ ಸರಾಸರಿ 50 ಕಿಲೋಮೀಟರ್ ವೇಗದ ಎದುರುಗಾಳಿ ಸಿಕ್ಕರೂ ಹದಿನೈದೂವರೆ ಗಂಟೆಯ ಪ್ರಯಾಣ ಹದಿನಾರೂವರೆಯಾಗುತ್ತದೆ.

ಆದ್ದರಿಂದ ಪೈಲಟ್‌ಗೆ ಅತಿ ಕಿರಿದಾದ ದಾರಿಗಿಂತ ಗಾಳಿ ಒಪ್ಪುವ ದಾರಿ ಮುಖ್ಯ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ಬಂತು, ಸುಮಾರು 17 ಗಂಟೆಯಲ್ಲಿ. ನಮ್ಮ ನೂಲಿನ ದಾರಿಗಿಂತ ಧ್ರುವದ ದಾರಿ 375 ಕಿಲೋಮೀಟರಿನಷ್ಟು ಉದ್ದ. ಆದರೆ ಜೆಟ್ ಸ್ಟ್ರೀಮಿನ ಕಾಟ ಅಲ್ಲಿ ಕಡಿಮೆ.

ಹೊರಡುವ ದಿನ ಅವರು ತಾರಸಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರು. ರನ್‌ವೇ ಇರುವುದು ಪೂರ್ವ–ಪಶ್ಚಿಮವಾಗಿ, ವಿಮಾನ ಏರಿ ಆಮೇಲೆ ತಿರುಗುತ್ತದೆ ಎಂದು ಸಮಾಧಾನ ಹೇಳುತ್ತಿದ್ದೆ. ಅಷ್ಟರಲ್ಲಿ ಮಗಳ ಫೋನ್ ಬಂತು. ಟಿಕೆಟ್ ದುಬೈ ಮೇಲಿನದಂತೆ. ವಿಮಾನ ಆಗಲೇ ಪಶ್ಚಿಮಕ್ಕೆ ಹೊರಡಲು ಸಿದ್ಧವಾಗಿತ್ತು. ಅದನ್ನು ಮೊದಲೇ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.