ಚೀಸ್‌ನ ಕಟ್ಟು ಬಿಚ್ಚುವ ಉಪ್ಪು

ಚೀಸ್ ಸ್ಲೈಸಿಗೆ ಲೈಟರ್ ಹಿಡಿದು, ಅದು ಕರಗದೆ ಕಪ್ಪಾಗುವುದನ್ನು ತೋರಿಸಿ, ‘ನೋಡಿ, ಇದು ಪ್ಲಾಸ್ಟಿಕ್!’ ಎನ್ನುವ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇವೆ. ಕಪ್ಪಗೆ ಕಂಡದ್ದು ಸುಟ್ಟ ಪ್ರೋಟೀನು ಮತ್ತು ಲೈಟರಿನ ಮಸಿ. ಆದರೆ ಇಂಥವನ್ನು ನಂಬಿದವರು, ಇಂಥ ಚೀಸಿಗೆ ಬೆರೆಸುವ ಸೋಡಿಯಂ ಸಿಟ್ರೇಟ್ (ಸಿಟ್ರಿಕ್ ಆಮ್ಲದಿಂದಾಗುವ ಒಂದು ಉಪ್ಪು) ಎಂಬ ಹೆಸರಿಗೇ ಬೆಚ್ಚುತ್ತಾರೆ. ಹುಬ್ಬಳ್ಳಿಯ ಮಳೆಗಾಲದಲ್ಲಿ ಮಿರ್ಚಿ ಭಜಿ ಅದ್ದಿಕೊಳ್ಳಲು ಬೆಚ್ಚಗಿನ, ನುಣುಪಾದ ಚೀಸ್ ಡಿಪ್ ಬೇಕೆನ್ನುವವರಿಗೆ ಅದಕ್ಕಿಂತ ಉಪಕಾರಿ ಇನ್ನೊಂದಿಲ್ಲ.

ಚೆಡ್ಡಾರ್ ಚೀಸನ್ನು ಹಾಗೆಯೇ ಬಾಣಲೆಗೆ ಹಾಕಿ ಕಾಯಿಸಿದರೆ ಎಣ್ಣೆ ಮೇಲೆ ತೇಲುತ್ತದೆ, ಕೆಳಗೆ ಜಿಗುಟು ಮುದ್ದೆ ಉಳಿಯುತ್ತದೆ. ಚೀಸ್‌ನಲ್ಲಿರುವ ಕೇಸಿನ್ ಎಂಬ ಪ್ರೋಟೀನಿನ ಒಂದು ಭಾಗಕ್ಕೆ ಕೊಬ್ಬು ಇಷ್ಟ, ಇನ್ನೊಂದು ಭಾಗಕ್ಕೆ ನೀರು ಇಷ್ಟ. ಎರಡನ್ನೂ ಬೆಸೆಯಲು ಇದಕ್ಕಿಂತ ಯೋಗ್ಯ ಅಣು ಸಿಗದು. ಆದರೆ ಚೀಸ್‌ನಲ್ಲಿರುವ ಕ್ಯಾಲ್ಸಿಯಂ ಫಾಸ್ಫೇಟ್ ಕೇಸಿನ್ ಅಣುಗಳನ್ನು ಒಂದಕ್ಕೊಂದು ಬಿಗಿದು ಬಲೆಯಾಗಿಸಿರುತ್ತದೆ. ಬಿಸಿ ತಾಗಿದಾಗ ಬಲೆ ಮುದುಡಿ, ಒಳಗಿನ ಕೊಬ್ಬನ್ನು ಹಿಂಡಿ ಹೊರಹಾಕುತ್ತದೆ. ಸಿಟ್ರೇಟ್ ಈ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು, ಅದರ ಜಾಗಕ್ಕೆ ಸೋಡಿಯಮ್ಮನ್ನು ಬಿಡುತ್ತದೆ. ಜೋಳದ ಕಣಿಕೆಯ ಸಿವುಡಿನ ಕಟ್ಟು ಬಿಚ್ಚಿದರೆ ಕಣಿಕೆಗಳು ಹೇಗೆ ಬಿಡಿಬಿಡಿಯಾಗುತ್ತವೆಯೋ ಹಾಗೆ ಕೇಸಿನ್ ಸಡಿಲಗೊಂಡು ನೀರಿನಲ್ಲಿ ಹರಡುತ್ತದೆ, ಒಂದೊಂದು ಕೊಬ್ಬಿನ ಹನಿಯನ್ನೂ ಸುತ್ತುವರಿಯುತ್ತದೆ. ಡಿಪ್ಪಿನ ನುಣುಪೆಲ್ಲ ಇಷ್ಟರಲ್ಲೇ ಇದೆ.

ಇದೇ ಗುಣವೇ ರಕ್ತದಾನವನ್ನೂ ಸುಲಭಗೊಳಿಸಿತು. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು, ಸಿಟ್ರೇಟ್ ಅದನ್ನು ಹಿಡಿದುಕೊಂಡರೆ ರಕ್ತ ಹೆಪ್ಪುಗಟ್ಟದು. 1914ರಲ್ಲಿ ಬೆಲ್ಜಿಯಂನ ಆಲ್ಬರ್ಟ್ ಹುಸ್ಟಿನ್ ಮತ್ತು ಅರ್ಜೆಂಟೀನಾದ ಲೂಯಿಸ್ ಅಗೋಟೆ ಸಿಟ್ರೇಟ್ ಬೆರೆಸಿದ ರಕ್ತವನ್ನು ರೋಗಿಗಳಿಗೆ ಕೊಟ್ಟರು. ಇಂದಿಗೂ ರಕ್ತನಿಧಿಯ ಚೀಲಗಳಲ್ಲಿ ಸಿಟ್ರೇಟ್ ಇರುತ್ತದೆ. ಅದಕ್ಕೂ ಮೂರು ವರ್ಷ ಮೊದಲು, 1911ರಲ್ಲಿ, ಸ್ವಿಟ್ಜರ್‌ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್ ಇದೇ ಉಪ್ಪಿನಿಂದ ಬಹುಕಾಲ ಬಾಳುವ ಸಂಸ್ಕರಿತ (ಪ್ರೊಸೆಸ್ಡ್) ಚೀಸ್ ತಯಾರಿಸಿದ್ದರು. ಜೀವ ಉಳಿಸುವ ಚೀಲದಲ್ಲಿರುವ ಪದಾರ್ಥವನ್ನು ವಿಷವೆಂದು ಸಾರುವುದು ನನಗೆ ಸಹಿಸಲಾಗದ ಸಂಗತಿ.

ಮನೆಯಲ್ಲೇ ಸಿಟ್ರೇಟ್ ತಯಾರಿಸಬಹುದು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ 3 ಗ್ರಾಂ, ನೀರು 150 ಮಿಲಿಲೀಟರ್. ಕರಗಿದ ಮೇಲೆ 4 ಗ್ರಾಂ ಅಡುಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ. ಬುಸುಗುಟ್ಟುವ ನೊರೆ ಇಂಗಾಲದ ಡೈಆಕ್ಸೈಡ್. ಅದು ನಿಂತಾಗ ಪಾತ್ರೆಯಲ್ಲಿ ಸುಮಾರು 4 ಗ್ರಾಂ ಸೋಡಿಯಂ ಸಿಟ್ರೇಟ್ ಇರುತ್ತದೆ, 200 ಗ್ರಾಂ ಚೀಸಿಗೆ ಸಾಕು. ನೀರಿನಿಂದ ಹಬೆ ಏಳುವಾಗ ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕಿ ಕಲಕುತ್ತಿರಿ, ಕುದಿಸಬೇಡಿ. ಸಂಸ್ಕರಿತ ಚೀಸ್ ಆದರೆ ಪೊಟ್ಟಣದ ಮೇಲೆ 331 ಎಂಬ ಸಂಖ್ಯೆ ಇದೆಯೇ ನೋಡಿ. ಅದು ಸಿಟ್ರೇಟೇ, ಆಗ ಸಿಟ್ರೇಟ್ ನೀರಿನ ಬದಲು ಬರೀ ಹಾಲು ಸಾಕು.

ಕೊನೆಗೆ ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ ಹಾಕಲೇಬೇಕು. ಹಾವೇರಿ ಜಿಲ್ಲೆಯ ಈ ಮೆಣಸಿಗೆ ಖಾರ ಕಡಿಮೆ, ಬಣ್ಣ ಗಾಢ, ಮತ್ತು ಆ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು. ಡಿಪ್ ಸರಿಯಾಗಿದ್ದರೆ ಕೆಂಪು ಎಲ್ಲೆಡೆ ಸಮನಾಗಿ ಹರಡುತ್ತದೆ. ಮೇಲೆ ಕೆಂಪೆಣ್ಣೆಯ ಚುಕ್ಕೆಗಳು ಕಂಡರೆ ಉರಿ ಹೆಚ್ಚಾಗಿದೆ ಎಂದೇ ಅರ್ಥ. ತಕ್ಷಣ ಇಳಿಸಿ, ಒಂದು ಚಮಚ ಬಿಸಿನೀರು ಸೇರಿಸಿ, ಜೋರಾಗಿ ಕಡೆಯಿರಿ.