ಸುದ್ದಿಮನೆಯ ಒಡೆತನ: ಕಡತದಲ್ಲೇ ಉಳಿದ ಶಿಫಾರಸುಗಳು

ಮಾಧ್ಯಮದ ಒಡೆತನ ಕೆಲವೇ ಕೈಗಳಲ್ಲಿ ಸೇರುತ್ತಿದೆ ಎಂಬ ಆತಂಕ ಟಿವಿ ಬಂದ ಮೇಲೆ ಹುಟ್ಟಿದ್ದಲ್ಲ. ಮೊದಲ ಪತ್ರಿಕಾ ಆಯೋಗ 1954ರಲ್ಲೇ ಅದನ್ನು ಚರ್ಚಿಸಿತ್ತು. ದೊಡ್ಡ ಪತ್ರಿಕೆಗಳ ಪೈಪೋಟಿಯಿಂದ ಸಣ್ಣವುಗಳನ್ನು ಉಳಿಸಲು ಪುಟಗಳ ಸಂಖ್ಯೆಯನ್ನು ಬೆಲೆಗೆ ತಳುಕುಹಾಕಿದ 1956ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಮರಾಠಿ ಪತ್ರಿಕೆ ‘ಸಕಾಳ್’ನ ಪ್ರಕರಣದಲ್ಲಿ ರದ್ದುಪಡಿಸಿತು. 1972ರಲ್ಲಿ ಮುದ್ರಣ ಕಾಗದದ ನಿರ್ಬಂಧಗಳೂ ಬಿದ್ದುಹೋದವು. ನಂತರ ಬಂದ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕಾ ಮಂಡಳಿಯನ್ನೇ ಮುಚ್ಚಲಾಯಿತು. ನಿಯಂತ್ರಣ ಎಂದರೆ ಸೆನ್ಸಾರ್ ಎಂಬ ಭಯ ಪತ್ರಕರ್ತರಲ್ಲಿ ಬೇರೂರಿದ್ದು ಸಹಜವೇ. ಆದರೆ ಸರ್ಕಾರದಿಂದ ಪತ್ರಿಕೆಯನ್ನು ಕಾಯುವ ಚಿಂತನೆ ಬೆಳೆದಷ್ಟು, ಮಾಲೀಕರಿಂದ ಸುದ್ದಿಯನ್ನು ಕಾಯುವ ಚಿಂತನೆ ಬೆಳೆಯಲಿಲ್ಲ.

ಆ ದಿಕ್ಕಿನಲ್ಲಿ ಉಳಿದಿರುವ ಒಂದು ಒಳ್ಳೆಯ ರೂಢಿ ‘ನಮೂನೆ 4’. ಪ್ರತಿ ಮಾರ್ಚ್ ಆರಂಭದಲ್ಲಿ ಪತ್ರಿಕೆಯ ಮೂಲೆಯೊಂದರಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗುತ್ತಾ ಬಂದ ಆ ಹೇಳಿಕೆಯಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರ ಜೊತೆಗೆ ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲು ಹೊಂದಿದವರ ಹೆಸರೂ ಇರುತ್ತದೆ. ಟಿವಿ ವಾಹಿನಿಗಳು ಇಂಥ ವಿವರವನ್ನು ಸಚಿವಾಲಯಕ್ಕೆ ಸಲ್ಲಿಸುತ್ತವೆಯೇ ಹೊರತು ವೀಕ್ಷಕರ ಮುಂದೆ ಇಡುವ ರೂಢಿಯಿಲ್ಲ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದರೂ ಪರಿಸ್ಥಿತಿ ಹೀಗಿದೆ.

ಈ ವಿಷಯದಲ್ಲಿ ಅತ್ಯಂತ ಗಂಭೀರವಾದ ಪ್ರಯತ್ನ ನಡೆದದ್ದು 2014ರ ಆಗಸ್ಟ್‌ನಲ್ಲಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಶಿಫಾರಸುಗಳ ರೂಪದಲ್ಲಿ. ಇಡೀ ದೇಶವನ್ನು ಒಂದೇ ಮಾರುಕಟ್ಟೆ ಎಂದು ಎಣಿಸದೆ ಭಾಷೆ ಮತ್ತು ರಾಜ್ಯವನ್ನು ಆಧಾರವಾಗಿಟ್ಟುಕೊಂಡದ್ದು ಅದರ ಹೆಚ್ಚುಗಾರಿಕೆ. ರಾಷ್ಟ್ರಮಟ್ಟದಲ್ಲಿ ಸಣ್ಣದಾಗಿ ಕಾಣುವ ಸಂಸ್ಥೆಯೊಂದು ಒಂದು ಭಾಷೆಯ ಓದುಗರನ್ನು ಬಹುಪಾಲು ಆವರಿಸಿಕೊಂಡಿರಬಹುದು. ದೇಶದ ಸರಾಸರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಅದರ ಲೆಕ್ಕದಲ್ಲಿ, ಪ್ರತಿ ಸಂಸ್ಥೆಯ ಶೇಕಡಾವಾರು ಮಾರುಕಟ್ಟೆ ಪಾಲನ್ನು ಅದೇ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿದಾಗ ಮೊತ್ತ 1800 ದಾಟಿದರೆ ಆ ಮಾರುಕಟ್ಟೆ ಕೇಂದ್ರೀಕೃತವಾಗಿದೆ ಎಂದರ್ಥ. ಅಂಥಲ್ಲಿ ಒಬ್ಬರದೇ ಕೊಡುಗೆ 1000 ಮೀರಿದರೆ, ಅಂದರೆ ಪಾಲು ಸುಮಾರು ಶೇ 32 ಆದರೆ, ಪತ್ರಿಕೆ ಮತ್ತು ಟಿವಿ ಎರಡರಲ್ಲೂ ಆ ಪ್ರಾಬಲ್ಯ ಇರಕೂಡದು ಎಂದು ಟ್ರಾಯ್ ಹೇಳಿತು. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು ಪ್ರಸಾರದಿಂದ ದೂರವಿರಬೇಕು, ಸ್ವತಂತ್ರ ನಿಯಂತ್ರಕ ಸಂಸ್ಥೆ ಬೇಕು ಎಂದೂ ಸೂಚಿಸಿತು. ಇವು ಕಾನೂನಾಗಲಿಲ್ಲ. 2022ರಲ್ಲಿ ಅದೇ ವಿಷಯಕ್ಕೆ ಮತ್ತೊಂದು ಸಮಾಲೋಚನಾ ಪತ್ರ ಹೊರಟಿತು.

ಮಾರುಕಟ್ಟೆ ಮಾತ್ರ ಕಾಯಲಿಲ್ಲ. ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರಗಳ 2024ರ ಬೃಹತ್ ವಿಲೀನದ ಬಳಿಕ, ಅಲ್ಲಿಯವರೆಗೆ ಪೈಪೋಟಿಯಲ್ಲಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸೂರಿನಡಿ ಬಂದವು. ಸ್ಪರ್ಧಾ ಆಯೋಗ ಷರತ್ತು ವಿಧಿಸಿಯೇ ಒಪ್ಪಿಗೆ ಕೊಟ್ಟಿತು. ಆದರೆ ಆಯೋಗ ತೂಗುವುದು ಮುಖ್ಯವಾಗಿ ದರ ಮತ್ತು ಪೈಪೋಟಿಯನ್ನು. ಒಂದು ಭಾಷೆಯಲ್ಲಿ ಎಷ್ಟು ಸ್ವತಂತ್ರ ದನಿಗಳು ಉಳಿದಿವೆ ಎಂದು ಲೆಕ್ಕ ಇಡುವ ಹೊಣೆಯನ್ನು ಯಾವ ಕಾಯ್ದೆಯೂ ಯಾರಿಗೂ ವಹಿಸಿಲ್ಲ.